ಗುರುತ್ವತರಂಗವೂ ಬಾಗುವುದೇ?

ಸೂರ್ಯನ ಪಕ್ಕದಲ್ಲಿ ಹಾಯುವ ನಕ್ಷತ್ರದ ಬೆಳಕು ಬಾಗುವುದೆಂಬುದು 1919ರ ಗ್ರಹಣದಲ್ಲಿ ಎಡಿಂಗ್ಟನ್ನರು ಮತ್ತು ಅವರ ಸಂಗಡಿಗರು ಮಾಡಿದ ಅಳತೆಗಳಿಂದ ಸಿದ್ಧಪಟ್ಟಿತಷ್ಟೆ. ಹಾಗಾದರೆ ಗುರುತ್ವದಿಂದಲೇ ಜನಿಸಿದ ಗುರುತ್ವತರಂಗವೂ ಗುರುತ್ವಕ್ಕೆ ಮಣಿಯುವುದುಂಟೇ ಎಂದು ಪಾಂಡವಪುರದ ವಾಚಕರೊಬ್ಬರು ಕೇಳಿದ್ದಾರೆ. ಉಂಟು. ದ್ರವ್ಯರಾಶಿಯಿಂದ ವಕ್ರಗೊಂಡ ದೇಶಕಾಲದಲ್ಲಿಯೇ ಎರಡೂ ಸಂಚರಿಸಬೇಕಾದುದರಿಂದ ಬಾಗುವ ನಿಯಮ ಎರಡಕ್ಕೂ ಸಮಾನ. ಫಲ ಮಾತ್ರ ಬೇರೆ.

ಶ್ರೀರಂಗಪಟ್ಟಣವನ್ನು ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ಕನ್ನಂಬಾಡಿ ಕಟ್ಟೆಯಿಂದ ಬಿಟ್ಟ ನೀರಿನ ಏರು ದ್ವೀಪದ ತಲೆಯಲ್ಲಿ ಇಬ್ಭಾಗವಾಗಿ, ಎರಡು ಕವಲುಗಳಲ್ಲಿ ಹರಿದು, ಮೂಡಲ ತುದಿಯ ಸಂಗಮದಲ್ಲಿ ಮತ್ತೆ ಕೂಡುವಾಗ, ದಾರಿಗಳು ಸಮವಲ್ಲದ ಕಾರಣ ಒಂದು ಕವಲಿನ ಏರು ಮೊದಲೂ ಮತ್ತೊಂದರದು ತುಸು ತಡವಾಗಿಯೂ ಬಂದೀತು. ಅಂತೆಯೇ ಎರಡು ಕಪ್ಪುಕುಳಿಗಳ ಸಂಘಟ್ಟನೆಯಿಂದ ಒಮ್ಮೆ ಹೊರಟ ತರಂಗ, ಗೆಲಾಕ್ಸಿಯೊಂದು ನೇರಕ್ಕೆ ಅಡ್ಡಬಂದರೆ, ನಿಮಿಷಗಳ, ದಿನಗಳ, ಕೆಲವೊಮ್ಮೆ ತಿಂಗಳುಗಳ ಅಂತರದಲ್ಲಿ ಎರಡು ಬಾರಿ ನಮ್ಮನ್ನು ಮುಟ್ಟಬಹುದು. 1979ರಲ್ಲಿ ಗುರುತಿಸಿದ, ಗೆಲಾಕ್ಸಿಯೊಂದು ಅಡ್ಡಬಂದು ಎರಡಾಗಿ ಕಾಣುವ ‘ಅವಳಿ ಕ್ವೇಸಾರಿನ’ ಬೆಳಕಿನಲ್ಲಿ ಈ ಅಂತರ ಸುಮಾರು 14 ತಿಂಗಳು.

ಅದೇ ಕಾವೇರಿಯಲ್ಲಿ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಕಟ್ಟಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳೂ ಇವೆ. ಕಂಬಕ್ಕೆ ತಾಕಿದ ಕಿರುದೆರೆ ಒಡೆಯುತ್ತದೆ, ಮೈಲುಗಟ್ಟಲೆ ಉದ್ದದ ಪ್ರವಾಹದ ಏರಾದರೋ ಅದನ್ನು ಲೆಕ್ಕಿಸದೆ ಸಾಗುತ್ತದೆ. ಗುರುತ್ವತರಂಗಕ್ಕೆ ಬಿಡಿ ನಕ್ಷತ್ರ ಅಂಥ ಕಂಬ. ಸೆಕೆಂಡಿಗೆ 100 ಬಾರಿ ಕಂಪಿಸುವ ತರಂಗದ ಉದ್ದ 3,000 ಕಿಲೋಮೀಟರಾದರೆ, ಸೂರ್ಯಸಮಾನ ನಕ್ಷತ್ರದ ಗುರುತ್ವಕ್ಕೆ ಅಳತೆಗೋಲೆನಿಸಿದ ಷ್ವಾರ್ಜ್‌ಶೀಲ್ಡ್ ತ್ರಿಜ್ಯ ಕೇವಲ 3 ಕಿಲೋಮೀಟರು. ಆದರೆ ನೂರಾರು ಸೂರ್ಯರ ತೂಕದ ಕಾಯವೊಂದು ಅಡ್ಡವಿದ್ದರೆ ಕವಲೊಡೆದ ತರಂಗಗಳು ಮಿಲಿಸೆಕೆಂಡುಗಳ ಅಂತರದಲ್ಲಿ ಒಂದರ ಮೇಲೊಂದು ಬಿದ್ದು ಸಂಕೇತದ ಆಕಾರವನ್ನೇ ಕದಡುತ್ತವೆ. ಗೆಲಾಕ್ಸಿಯು ಮಸೂರದಂತೆ ಬಾಗಿಸಿ ಬಲವಾಗಿ ವರ್ಧಿಸಿದ ತರಂಗದ ಹಾದಿಯಲ್ಲಿ ದಟ್ಟವಾಗಿ ನೆರೆದ ನಕ್ಷತ್ರಗಳೂ ಒಟ್ಟಾಗಿ ಇದನ್ನು ಮಾಡಬಲ್ಲವು.

ಹೀಗೆ ವರ್ಧಿಸಿದ ಸಂಕೇತ ತನ್ನ ಮೂಲವನ್ನು ಇದ್ದುದಕ್ಕಿಂತ ಸಮೀಪವೆಂದೂ ಭಾರವೆಂದೂ ತೋರಿಸುವುದರಿಂದ, 2015ರ ಸೆಪ್ಟೆಂಬರ್ 14ರಂದು ಗುರುತ್ವತರಂಗ ಶೋಧಕವಾದ ಲೈಗೋ ಮೊದಲ ತರಂಗವನ್ನು ಹಿಡಿದ ಬಳಿಕ ಕಂಡುಬಂದ ಭಾರವಾದ ಕಪ್ಪುಕುಳಿಗಳಲ್ಲಿ ಹಲವನ್ನು ಮಸೂರದ ಮಾಯೆಯೆಂದು ಕೆಲವರು ಸಾರಿದುದುಂಟು. ಇಂಥ ಉತ್ಸಾಹಕ್ಕೆ ಮದ್ದು ಪರೀಕ್ಷೆಯೊಂದೇ. ಬೆಂಗಳೂರಿನ ಐಸಿಟಿಎಸ್ ಸಂಸ್ಥೆಯ ಪಿ. ಅಜಿತ್ ಮತ್ತು ಸಂಗಡಿಗರು 2018ರಲ್ಲಿ ಮಂಡಿಸಿದ ವಿಧಾನದಲ್ಲಿ, ಎರಡು ಸಂಕೇತಗಳ ಮೂಲದ ದ್ರವ್ಯರಾಶಿ, ಗಿರಕಿ, ಆಕಾಶದ ದಿಕ್ಕು ಪರಸ್ಪರ ಒಪ್ಪುವುವೇ ಎಂದು ತೂಗಿ ನೋಡಲಾಗುತ್ತದೆ. ಸರ್ವಸಮ್ಮತವಾದ ಜೋಡಿ ಇದುವರೆಗೆ ಒಂದೂ ದೊರೆತಿಲ್ಲ. ಆದ್ದರಿಂದ ಅಂಥ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ, ಎರಡನೆಯ ತರಂಗವೆಲ್ಲಿ ಎಂದು ವಾಚಕರು ಮೊದಲು ಕೇಳತಕ್ಕದ್ದು.