ಸ್ಮಾರ್ಟ್‌ಫೋನಿನ ಎದುರು ಗೇಮ್ ಯಂತ್ರ: ಒಂದೇ ಕೆಲಸದ ಸರಕಿಗೆ ಉಳಿವುಂಟೆ?

ಹಲವು ಕೆಲಸಗಳನ್ನು ಮಾಡಬಲ್ಲ ಸಾಧನವೊಂದು ಮಾರುಕಟ್ಟೆಗೆ ಬಂದಾಗ, ಒಂದೇ ಕೆಲಸಕ್ಕೆಂದು ತಯಾರಾದ ಸರಕುಗಳ ಗತಿ ಏನಾಗುತ್ತದೆ ಎಂಬುದು ತಯಾರಕರನ್ನೂ ವರ್ತಕರನ್ನೂ ಸಮಾನವಾಗಿ ಕಾಡುವ ಪ್ರಶ್ನೆಯಾಗಿದೆ. ಸ್ಮಾರ್ಟ್‌ಫೋನ್ ಬಂದ ಮೇಲೆ ಸಣ್ಣ ಡಿಜಿಟಲ್ ಕ್ಯಾಮೆರಾ, ಎಂಪಿ3 ಪ್ಲೇಯರ್, ಅಲಾರಂ ಗಡಿಯಾರ ಮುಂತಾದವುಗಳ ವ್ಯಾಪಾರ ಕುಗ್ಗಿದುದು ಎಲ್ಲರೂ ಕಂಡ ಸಂಗತಿ. ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್ ಯಂತ್ರಗಳೂ ಇದೇ ದಾರಿ ಹಿಡಿಯಲಿವೆ ಎಂದು 2011ರ ಸುಮಾರಿಗೆ ಅನೇಕ ಮಾರುಕಟ್ಟೆ ವಿಶ್ಲೇಷಕರು ಭಾವಿಸಿದ್ದರು. ಆದರೆ 2017ರಲ್ಲಿ ಬಿಡುಗಡೆಯಾದ ನಿಂಟೆಂಡೊ ಸ್ವಿಚ್ ಎಂಬ ಯಂತ್ರ ಜಗತ್ತಿನಾದ್ಯಂತ 15 ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾಯಿತು. ವಿಶ್ಲೇಷಕರ ನಿರೀಕ್ಷೆ ಎಷ್ಟರಮಟ್ಟಿಗೆ ನಿಜವಾಯಿತು, ಎಲ್ಲಿ ಹುಸಿಯಾಯಿತು ಎಂಬುದನ್ನು ಅರಿಯುವುದು ಬೇರೆ ಸರಕುಗಳ ವ್ಯವಹಾರದಲ್ಲಿರುವವರಿಗೂ ಪ್ರಯೋಜನಕಾರಿ.

ಮೊದಲಿನ ವ್ಯಾಪಾರ ಕ್ರಮ

ಜಪಾನಿನ ಕ್ಯೋಟೋ ನಗರದಲ್ಲಿ 1889ರಲ್ಲಿ ಇಸ್ಪೀಟಿನಂತಹ ಎಲೆಗಳನ್ನು ತಯಾರಿಸುವ ಉದ್ದಿಮೆಯಾಗಿ ಆರಂಭವಾದ ನಿಂಟೆಂಡೊ, 1989ರಲ್ಲಿ ಗೇಮ್ ಬಾಯ್ ಎಂಬ ಯಂತ್ರವನ್ನು ಹೊರತಂದಿತು. ಅದರ ರೂಪುರೇಷೆಯ ಹಿಂದಿದ್ದ ಗುನ್‌ಪೇ ಯೊಕೊಯ್ ಅವರದು ಒಂದು ಸರಳ ನೀತಿ: ಚೆನ್ನಾಗಿ ಪಳಗಿದ, ಅಗ್ಗವಾದ ತಂತ್ರಜ್ಞಾನವನ್ನೇ ಹೊಸ ರೀತಿಯಲ್ಲಿ ಬಳಸುವುದು. ಆದ್ದರಿಂದ ಗೇಮ್ ಬಾಯ್‌ಗೆ ಬಣ್ಣದ ಪರದೆ ಇರಲಿಲ್ಲ. ಆದರೆ ನಾಲ್ಕು ಪೆನ್ಸಿಲ್ ಸೆಲ್‌ಗಳಲ್ಲಿ ಅದು ಹತ್ತು ಗಂಟೆಗೂ ಮೀರಿ ನಡೆಯುತ್ತಿತ್ತು. ಬಣ್ಣದ ಪರದೆಯಿದ್ದ ಪ್ರತಿಸ್ಪರ್ಧಿ, ಸೇಗಾ ಸಂಸ್ಥೆಯ ಗೇಮ್ ಗಿಯರ್, ಆರು ಸೆಲ್‌ಗಳನ್ನು ಮೂರರಿಂದ ಐದು ಗಂಟೆಗಳಲ್ಲಿ ಮುಗಿಸುತ್ತಿತ್ತು. ಗೇಮ್ ಬಾಯ್ ಮತ್ತು ಅದರ ಬಣ್ಣದ ಆವೃತ್ತಿ ಸೇರಿ ಸುಮಾರು 11.87 ಕೋಟಿ ಯಂತ್ರಗಳು ಮಾರಾಟವಾದವು. 2004ರಲ್ಲಿ ಬಂದ ನಿಂಟೆಂಡೊ ಡಿಎಸ್ 15.4 ಕೋಟಿಯನ್ನು ಮುಟ್ಟಿತು.

ಈ ವ್ಯಾಪಾರದ ಲೆಕ್ಕಾಚಾರ ಗಮನಾರ್ಹ. ಯಂತ್ರದ ಮೇಲಿನ ಲಾಭಾಂಶ ಕಡಿಮೆ. ನಿಜವಾದ ಗಳಿಕೆ ಆಟದ ಕಾರ್ಟ್ರಿಜ್‌ಗಳಿಂದ ಹಾಗೂ ಇತರ ಆಟ ತಯಾರಕರು ಕಟ್ಟುವ ಪರವಾನಗಿ ಶುಲ್ಕದಿಂದ ಬರುತ್ತಿತ್ತು. ಅಂಗಡಿಯವನ ಪಾಲಿಗೂ ಯಂತ್ರ ಒಮ್ಮೆ ಮಾರುವ ಸರಕಾದರೆ, ಕಾರ್ಟ್ರಿಜ್ ಗಿರಾಕಿಯನ್ನು ಮತ್ತೆ ಮತ್ತೆ ಅಂಗಡಿಗೆ ಕರೆತರುವ ಸರಕಾಗಿತ್ತು.

ಫೋನು ಕಸಿದುಕೊಂಡ ಪಾಲು

ಆಪಲ್ ಸಂಸ್ಥೆಯು 2008ರ ಜುಲೈನಲ್ಲಿ ಸುಮಾರು 500 ತಂತ್ರಾಂಶಗಳೊಂದಿಗೆ ಆಪ್ ಸ್ಟೋರ್ ತೆರೆದಾಗ ಈ ಲೆಕ್ಕಾಚಾರ ಬುಡಮೇಲಾಯಿತು. ಮಾರಾಟದ ಬೆಲೆಯಲ್ಲಿ ಶೇಕಡ 30 ಆಪಲ್‌ಗೆ, ಉಳಿದ 70 ಆಟ ರಚಿಸಿದವರಿಗೆ. ನಡುವೆ ಸಗಟು ವ್ಯಾಪಾರಿಯೂ ಇಲ್ಲ, ಚಿಲ್ಲರೆ ಅಂಗಡಿಯೂ ಇಲ್ಲ. ಡಿಎಸ್ ಕಾರ್ಟ್ರಿಜ್ ಒಂದಕ್ಕೆ ಅಮೆರಿಕದಲ್ಲಿ 30 ಡಾಲರಿನಷ್ಟು ಬೆಲೆಯಿದ್ದಾಗ, 2009ರ ಡಿಸೆಂಬರಿನಲ್ಲಿ ಬಂದ ಫಿನ್ಲೆಂಡಿನ ಆ್ಯಂಗ್ರಿ ಬರ್ಡ್ಸ್ ಆಟ ಒಂದು ಡಾಲರಿಗೂ ಕಡಿಮೆ ಬೆಲೆಗೆ ಸಿಗುತ್ತಿತ್ತು. ಮುಂದೆ ಆಟವನ್ನು ಉಚಿತವಾಗಿ ನೀಡಿ, ಆಡುತ್ತಿರುವಾಗ ಸಣ್ಣ ಸಣ್ಣ ಮೊತ್ತ ಪಡೆಯುವ ಪದ್ಧತಿ ಬೆಳೆಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಗ್ರಾಹಕ ಫೋನನ್ನು ಬೇರೆ ಅಗತ್ಯಗಳಿಗಾಗಿ ಆಗಲೇ ಕೊಂಡಿರುತ್ತಾನೆ. ಆಟಕ್ಕಾಗಿ ಅವನು ಹೊಸದಾಗಿ ಯಂತ್ರ ಕೊಳ್ಳಬೇಕಾಗಿಲ್ಲ.

ಇದರ ಪೆಟ್ಟು 2011ರಲ್ಲಿ ಬಹಿರಂಗವಾಯಿತು. ಆ ವರ್ಷದ ಫೆಬ್ರವರಿಯಲ್ಲಿ ನಿಂಟೆಂಡೊ 3ಡಿಎಸ್ ಜಪಾನಿನಲ್ಲಿ 25,000 ಯೆನ್ ಬೆಲೆಗೆ ಬಿಡುಗಡೆಯಾಯಿತು. ಮಾರಾಟ ನಿರೀಕ್ಷೆಯಂತೆ ಸಾಗದೆ, ಆರು ತಿಂಗಳೊಳಗೆ, ಅಂದರೆ ಆಗಸ್ಟಿನಲ್ಲಿ, ಬೆಲೆಯನ್ನು 15,000 ಯೆನ್‌ಗೆ ಇಳಿಸಬೇಕಾಯಿತು. ಶೇಕಡ 40ರ ಈ ಕಡಿತದಿಂದ ಯಂತ್ರ ಕೆಲಕಾಲ ತಯಾರಿಕಾ ವೆಚ್ಚಕ್ಕಿಂತ ಕಡಿಮೆ ಬೆಲೆಗೆ ಮಾರಾಟವಾಯಿತು. ಅಧ್ಯಕ್ಷ ಸಟೋರು ಇವಾಟಾ ತಮ್ಮ ವೇತನವನ್ನು ಅರ್ಧಕ್ಕೆ ಇಳಿಸಿಕೊಂಡರು. ಮೊದಲೇ ಹೆಚ್ಚು ಬೆಲೆ ತೆತ್ತಿದ್ದ ಗ್ರಾಹಕರ ಅಸಮಾಧಾನ ತಣಿಸಲು 20 ಹಳೆಯ ಆಟಗಳನ್ನು ಉಚಿತವಾಗಿ ನೀಡಲಾಯಿತು. 2012ರ ಮಾರ್ಚಿಗೆ ಕೊನೆಗೊಂಡ ಆರ್ಥಿಕ ವರ್ಷದಲ್ಲಿ ಸಂಸ್ಥೆ 4,320 ಕೋಟಿ ಯೆನ್ ನಿವ್ವಳ ನಷ್ಟ ತೋರಿಸಿತು. ಯೆನ್ ಮೌಲ್ಯದ ಏರಿಕೆಯೂ ಇದಕ್ಕೊಂದು ಕಾರಣವಾಗಿತ್ತು. 2011ರ ಕೊನೆಯಲ್ಲಿ ಮಾರಿಯೊ ಸರಣಿಯ ಹೊಸ ಆಟಗಳು ಬಂದ ಮೇಲೆ 3ಡಿಎಸ್ ಚೇತರಿಸಿಕೊಂಡಿತಾದರೂ, ಅದರ ಒಟ್ಟು ಮಾರಾಟ ಸುಮಾರು 7.59 ಕೋಟಿಗೆ ನಿಂತಿತು. ಇದು ಡಿಎಸ್ ಮಾರಾಟದ ಅರ್ಧದಷ್ಟು ಮಾತ್ರ.

ಸೋನಿ ಸಂಸ್ಥೆಯ ಪ್ಲೇಸ್ಟೇಷನ್ ವೀಟಾ 2011ರ ಡಿಸೆಂಬರಿನಲ್ಲಿ ಬಂದಿತು. ತಾಂತ್ರಿಕವಾಗಿ ಅದು ಉತ್ತಮ ಯಂತ್ರವೇ. ಆದರೆ ಅದಕ್ಕೆ ಸೋನಿಯದೇ ವಿಶೇಷ ಮೆಮೊರಿ ಕಾರ್ಡ್ ಬೇಕಾಗಿತ್ತು. 32 ಜಿಬಿ ಕಾರ್ಡಿಗೆ ಅಮೆರಿಕದಲ್ಲಿ ಸುಮಾರು 100 ಡಾಲರ್ ಬೆಲೆಯಿತ್ತು. ಫೋನು ಅಗ್ಗದ ಆಟ ನೀಡುತ್ತಿದ್ದ ಕಾಲದಲ್ಲಿ ಗ್ರಾಹಕನ ಮೇಲೆ ಹೇರಿದ ಈ ಹೆಚ್ಚುವರಿ ಹೊರೆ ದುಬಾರಿಯಾಗಿ ಪರಿಣಮಿಸಿತು. 2019ರಲ್ಲಿ ವೀಟಾ ತಯಾರಿಕೆ ನಿಂತಿತು.

ಬೆಸೆಯುವ ಯತ್ನ ಹಾಗೂ ಅದರ ಮಿತಿ

ಫೋನು ಮತ್ತು ಗೇಮ್ ಯಂತ್ರ ಎರಡನ್ನೂ ಒಂದೇ ಸಾಧನದಲ್ಲಿ ಸೇರಿಸುವ ಆಲೋಚನೆ ಸ್ಮಾರ್ಟ್‌ಫೋನ್ ಯುಗಕ್ಕಿಂತ ಹಳೆಯದು. ನೋಕಿಯಾ 2003ರ ಅಕ್ಟೋಬರಿನಲ್ಲಿ ಎನ್-ಗೇಜ್ ಬಿಡುಗಡೆ ಮಾಡಿತು. ಮಾತನಾಡಬೇಕಾದರೆ ಅದರ ಅಂಚನ್ನು ಕಿವಿಗೆ ಒತ್ತಿ ಹಿಡಿಯಬೇಕಿತ್ತು. ಆಟದ ಕಾರ್ಡ್ ಬದಲಿಸಲು ಬ್ಯಾಟರಿಯನ್ನೇ ಹೊರತೆಗೆಯಬೇಕಿತ್ತು. ಎರಡೂ ಕೆಲಸಗಳನ್ನು ಅರೆಬರೆಯಾಗಿ ಮಾಡುವ ಸಾಧನವನ್ನು ಗ್ರಾಹಕರು ಒಪ್ಪಲಿಲ್ಲ.

ಕರ್ನಾಟಕದ ಪೇಟೆಗಳಲ್ಲಿ 1990ರ ದಶಕದಲ್ಲಿ ಆಟಿಕೆ ಅಂಗಡಿಗಳಿಂದ ಜಾತ್ರೆಯ ಮಳಿಗೆಗಳವರೆಗೆ ಮಾರಾಟವಾಗುತ್ತಿದ್ದ ಬ್ರಿಕ್ ಗೇಮ್‌ಗಳ ಕಥೆ ಇನ್ನೊಂದು ಬಗೆಯದು. ಬೀಳುವ ಇಟ್ಟಿಗೆಗಳನ್ನು ಜೋಡಿಸುವ ಆ ಆಟಕ್ಕೆ ಅಗ್ಗದ ಬೆಲೆಯೇ ಆಸರೆ. ಹೊಸ ಆಟ ಸೇರಿಸುವ ಅವಕಾಶವಾಗಲಿ, ಬೇರೆಲ್ಲೂ ಸಿಗದ ಆಟವಾಗಲಿ ಅದರಲ್ಲಿರಲಿಲ್ಲ. ಫೋನಿನಲ್ಲೇ ಆಟ ದೊರೆಯತೊಡಗಿದಾಗ ಅದನ್ನು ಕೊಳ್ಳಲು ಕಾರಣವೇ ಉಳಿಯಲಿಲ್ಲ. ಸಮಯ ಕಳೆಯಲೆಂದು ಮಾತ್ರ ಕೊಳ್ಳುವ ಗಿರಾಕಿ ಮೊದಲು ಕೈಬಿಟ್ಟು ಹೋಗುತ್ತಾನೆ ಎಂಬುದಕ್ಕೆ ಇದು ನಿದರ್ಶನ.

ಫೋನಿಗೆ ಒದಗದ ಅನುಕೂಲಗಳು

ಹಾಗಾದರೆ ಗೇಮ್ ಯಂತ್ರ ಉಳಿದುದು ಯಾವ ಬಲದಿಂದ? ಮೂರು ಅಂಶಗಳನ್ನು ಗುರುತಿಸಬಹುದು.

1. ಗುಂಡಿಗಳು: ಫೋನಿನಲ್ಲಿ ಆಡುವಾಗ ಬೆರಳುಗಳೇ ಪರದೆಯ ಒಂದು ಭಾಗವನ್ನು ಮುಚ್ಚುತ್ತವೆ, ಗಾಜಿನ ಮೇಲೆ ಬೆರಳಿಗೆ ಯಾವ ಗುರುತೂ ಸಿಗುವುದಿಲ್ಲ. ವೇಗವಾಗಿ ಓಡುವ, ನೆಗೆಯುವ, ಗುರಿಯಿಡುವ ಆಟಗಳಿಗೆ ನಿಜವಾದ ಗುಂಡಿಗಳು ಅಗತ್ಯ.

2. ಬ್ಯಾಟರಿ: ದೀರ್ಘಕಾಲ ಆಡಿದರೆ ಫೋನಿನ ಬ್ಯಾಟರಿ ಬರಿದಾಗಿ, ಕರೆ ಹಾಗೂ ಹಣ ಪಾವತಿಯಂತಹ ನಿತ್ಯದ ಕೆಲಸಗಳೂ ನಿಲ್ಲುತ್ತವೆ. ಪ್ರತ್ಯೇಕ ಯಂತ್ರಕ್ಕೆ ಈ ತೊಡಕಿಲ್ಲ.

3. ಸ್ವಂತ ಆಟಗಳು: ಇದು ಎಲ್ಲಕ್ಕಿಂತ ಮುಖ್ಯ. ಮಾರಿಯೊ, ಜೆಲ್ಡಾ ಸರಣಿಗಳ ಪ್ರಮುಖ ಆಟಗಳನ್ನು ನಿಂಟೆಂಡೊ ತನ್ನ ಯಂತ್ರಗಳಿಗಷ್ಟೇ ಮೀಸಲಿಟ್ಟಿದೆ. ಗ್ರಾಹಕ ಆಟಕ್ಕಾಗಿ ಯಂತ್ರವನ್ನು ಕೊಳ್ಳುತ್ತಾನೆ.

ನಿಂಟೆಂಡೊ ಫೋನನ್ನು ಸಂಪೂರ್ಣ ದೂರವಿಡಲಿಲ್ಲ ಎಂಬುದೂ ಉಲ್ಲೇಖಾರ್ಹ. 2015ರಲ್ಲಿ ಡಿಎನ್‌ಎ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡು, 2016ರ ಡಿಸೆಂಬರಿನಲ್ಲಿ ಸೂಪರ್ ಮಾರಿಯೊ ರನ್ ಆಟವನ್ನು ಫೋನಿಗೆ ತಂದಿತು. ಆರಂಭದ ಕೆಲವು ಹಂತಗಳು ಉಚಿತ. ಪೂರ್ಣ ಆಟಕ್ಕೆ ಸುಮಾರು 10 ಡಾಲರ್. ಕೋಟ್ಯಂತರ ಜನ ಅದನ್ನು ಇಳಿಸಿಕೊಂಡರೂ, ಆದಾಯ ನಿರೀಕ್ಷೆ ಮುಟ್ಟಲಿಲ್ಲವೆಂದು ಸಂಸ್ಥೆಯೇ ಒಪ್ಪಿಕೊಂಡಿತು. ಉಚಿತಕ್ಕೆ ಒಗ್ಗಿದ ಮಾರುಕಟ್ಟೆಯಲ್ಲಿ ಅದೇ ಸರಕಿಗೆ ಅದೇ ಬೆಲೆ ಹುಟ್ಟದು.

ಸ್ವಿಚ್ ತೋರಿಸಿದ ದಾರಿ

ನಿಂಟೆಂಡೊ 2013ರಲ್ಲಿ ಕೈಯಂತ್ರ ಮತ್ತು ಮನೆಯಂತ್ರಗಳ ಅಭಿವೃದ್ಧಿ ವಿಭಾಗಗಳನ್ನು ಒಂದುಗೂಡಿಸಿತು. ಅದರ ಫಲವೇ 2017ರ ಮಾರ್ಚಿನಲ್ಲಿ ಸುಮಾರು 300 ಡಾಲರ್ ಬೆಲೆಗೆ ಬಂದ ಸ್ವಿಚ್. ಪ್ರಯಾಣದಲ್ಲಿ ಕೈಯಲ್ಲಿ ಹಿಡಿದು ಆಡಬಹುದು, ಮನೆಯಲ್ಲಿ ಟಿ.ವಿ.ಗೆ ಜೋಡಿಸಬಹುದು, ಪಕ್ಕದ ಗುಂಡಿಪಟ್ಟಿಗಳನ್ನು ಬಿಡಿಸಿ ಇಬ್ಬರು ಆಡಬಹುದು. ಎರಡು ಬಗೆಯ ಯಂತ್ರಗಳಿಗೆ ಹಂಚಿಹೋಗುತ್ತಿದ್ದ ಆಟಗಳ ಸಂಗ್ರಹ ಒಂದಾಯಿತು. ಇಲ್ಲಿಯೂ ಬಳಸಿದುದು ಆ ಹೊತ್ತಿಗೆ ಹೊಸದಲ್ಲದ ಎನ್‌ವಿಡಿಯಾ ಚಿಪ್. ಯೊಕೊಯ್ ಅವರ ಹಳೆಯ ನೀತಿ ಮತ್ತೆ ಫಲಿಸಿತು. ವಾಲ್ವ್ ಸಂಸ್ಥೆಯು 2022ರಲ್ಲಿ, ಕಂಪ್ಯೂಟರ್ ಆಟಗಳನ್ನು ಕೈಯಲ್ಲಿ ಆಡುವ ಸ್ಟೀಮ್ ಡೆಕ್ ಅನ್ನು ಹೊರತಂದಿತು. 2025ರ ಜೂನ್ 5ರಂದು ಅಮೆರಿಕದಲ್ಲಿ ಸುಮಾರು 450 ಡಾಲರ್ ಬೆಲೆಗೆ ಬಂದ ಸ್ವಿಚ್ 2, ನಾಲ್ಕೇ ದಿನಗಳಲ್ಲಿ ಜಗತ್ತಿನಾದ್ಯಂತ 35 ಲಕ್ಷ ಮಾರಾಟವಾಯಿತು.

ಆದರೂ ಇದನ್ನು ಫೋನಿನ ಮೇಲಿನ ಜಯವೆಂದು ಭಾವಿಸುವುದು ಸರಿಯಲ್ಲ. ಜಗತ್ತಿನ ವಿಡಿಯೋ ಗೇಮ್ ಆದಾಯದಲ್ಲಿ ಇಂದು ಸುಮಾರು ಅರ್ಧ ಫೋನಿನ ಆಟಗಳದೇ. ಕಡಿಮೆ ಬೆಲೆಯ ಗೇಮ್ ಯಂತ್ರಗಳ ದೊಡ್ಡ ಮಾರುಕಟ್ಟೆ ಹಿಂದಿರುಗಲಿಲ್ಲ. ಉಳಿದಿರುವುದು ಹೆಚ್ಚು ಬೆಲೆ ತೆರಲು ಸಿದ್ಧವಿರುವ ಗ್ರಾಹಕರ ಮಾರುಕಟ್ಟೆ. ಅದರಲ್ಲಿ ನೆಲೆ ನಿಂತವರು ಕೆಲವರೇ.

ವರ್ತಕರು, ಉದ್ದಿಮೆದಾರರು ಗಮನಿಸಬೇಕಾದುದು

ವರ್ತಕರ ದೃಷ್ಟಿಯಿಂದ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದು ದಾಸ್ತಾನಿನ ಅಪಾಯ. ಆರು ತಿಂಗಳಲ್ಲಿ ಶೇಕಡ 40ರಷ್ಟು ಬೆಲೆ ಇಳಿಯಬಹುದಾದ ಸರಕನ್ನು ಬಿಡುಗಡೆಯ ಉತ್ಸಾಹದಲ್ಲಿ ಹೇರಳವಾಗಿ ತುಂಬಿಕೊಳ್ಳುವುದು ವಿವೇಕವಲ್ಲ. ಬೆಲೆ ಇಳಿದಾಗ ಹಳೆಯ ದಾಸ್ತಾನಿಗೆ ತಯಾರಕರು ಪರಿಹಾರ ಕೊಡುವರೇ ಎಂಬುದನ್ನು ಖರೀದಿಗೆ ಮೊದಲೇ ಲಿಖಿತವಾಗಿ ತಿಳಿದುಕೊಳ್ಳಬೇಕು. ಎರಡನೆಯದು, ಯಂತ್ರ ಉಳಿದರೂ ಅಂಗಡಿಯ ಪಾಲು ಉಳಿಯುತ್ತದೆಂಬ ಖಾತರಿಯಿಲ್ಲ. ಆಟಗಳನ್ನು ಅಂತರ್ಜಾಲದ ಮೂಲಕ ನೇರವಾಗಿ ಪಡೆಯುವ ರೂಢಿ ಹೆಚ್ಚುತ್ತಿದೆ. ಸ್ವಿಚ್ 2ರ ಕೆಲವು ಕಾರ್ಡ್‌ಗಳಲ್ಲಿ ಆಟವೇ ಇರುವುದಿಲ್ಲ. ಅವು ಆಟವನ್ನು ಇಳಿಸಿಕೊಳ್ಳಲು ಬೇಕಾದ ಕೀಲಿಗಳು ಮಾತ್ರ. ಪದೇ ಪದೇ ಬರುತ್ತಿದ್ದ ಗಿರಾಕಿಯನ್ನು ಉಳಿಸಿಕೊಳ್ಳಲು ಬಿಡಿಭಾಗ, ರಿಪೇರಿ, ಹಳೆಯ ಯಂತ್ರಗಳ ಬದಲಾವಣೆಯಂತಹ ಸೇವೆಗಳತ್ತ ನೋಡಬೇಕಾಗುತ್ತದೆ.

ಸಣ್ಣ ತಯಾರಕರಿಗೆ ಈ ಅನುಭವ ಒಂದು ಅಳತೆಗೋಲಾಗಬಲ್ಲದು. ತಮ್ಮ ಗ್ರಾಹಕರನ್ನು ಅವರು ಎರಡು ಪಟ್ಟಿಗಳಾಗಿ ವಿಂಗಡಿಸಿಕೊಳ್ಳಲಿ. ಬೇರೆ ಸಾಧನವಿಲ್ಲವೆಂದು ಕೊಳ್ಳುವವರು ಒಂದರಲ್ಲಿ. ಬೇರಾವುದೂ ಈ ಕೆಲಸವನ್ನು ಇಷ್ಟು ಚೆನ್ನಾಗಿ ಮಾಡದೆಂದು ಕೊಳ್ಳುವವರು ಇನ್ನೊಂದರಲ್ಲಿ. ಮೊದಲ ಪಟ್ಟಿಯವರನ್ನು ಬೆಲೆ ಇಳಿಸಿ ಹಿಡಿದಿಡುವುದು ಕಷ್ಟ. ಉಚಿತದೊಡನೆ ಬೆಲೆಯ ಪೈಪೋಟಿ ನಡೆಸಲು ಯಾರಿಗೂ ಸಾಧ್ಯವಿಲ್ಲ. ಬಂಡವಾಳವನ್ನೂ ಶ್ರಮವನ್ನೂ ಎರಡನೆಯ ಪಟ್ಟಿಯವರಿಗಾಗಿ ವಿನಿಯೋಗಿಸುವುದೇ ಲೇಸು. ಆ ಪಟ್ಟಿ ತೀರ ಚಿಕ್ಕದೆಂದು ಕಂಡುಬಂದರೆ, ಸರಕಿನ ಸ್ವರೂಪವನ್ನು ಬದಲಿಸುವ ಯೋಜನೆಯನ್ನು ಮಾರಾಟ ಇನ್ನೂ ನಡೆಯುತ್ತಿರುವಾಗಲೇ ಕೈಗೊಳ್ಳುವುದು ಕ್ಷೇಮ.