ಖರ್ಚು ಉಳಿಸಿ, ಮಾತ್ರೆ ಉಳಿಸಬೇಡಿ

ದೇಶ ಸುತ್ತಬೇಕು, ಕೋಶ ಓದಬೇಕು ಎನ್ನುತ್ತಾರೆ ಹಿರಿಯರು. ಹಿಂದೆ ದೇಶ ಸುತ್ತುವುದೆಂದರೆ ಕಾಶಿ, ರಾಮೇಶ್ವರ. ಈಗ ಭೂಮಧ್ಯರೇಖೆಯ ಆಫ್ರಿಕಾವನ್ನು ರಸ್ತೆಯಲ್ಲೇ ನೋಡಿಬರಲು ಹೊರಡುವ ದಂಪತಿಗಳೂ ಇದ್ದಾರೆ. ಕೀನ್ಯಾದ ನೈರೋಬಿಯಲ್ಲಿ ವಿಮಾನ ಇಳಿದು, ನಕುರು, ಕಿಸುಮು ನೋಡಿ, ಬುಸಿಯಾ ಗಡಿಯಲ್ಲಿ ಉಗಾಂಡಾ ಹೊಕ್ಕು, ಜಿಂಜಾ, ಕಂಪಾಲಾ, ಮಸಾಕಾ ಮಾರ್ಗವಾಗಿ ರುವಾಂಡಾದ ಕಿಗಾಲಿ ತಲುಪಬಹುದು. ಕಂಪಾಲಾದಿಂದ ಮಸಾಕಾಕ್ಕೆ ಹೋಗುವ ರಸ್ತೆ ಕಯಬ್ವೆ ಎಂಬಲ್ಲಿ ಭೂಮಧ್ಯರೇಖೆಯನ್ನೇ ದಾಟುತ್ತದೆ.

ಇಂಥ ಪ್ರವಾಸದಲ್ಲಿ ಕಾಸು ಉಳಿಸಲು ದಾರಿಗಳು ಬೇಕಾದಷ್ಟಿವೆ. ಟ್ಯಾಕ್ಸಿ ಬಿಟ್ಟು ಬಸ್ಸು ಹಿಡಿಯಿರಿ, ದೊಡ್ಡ ಹೋಟೆಲು ಬಿಟ್ಟು ಡೇರೆಯಲ್ಲಿ ಮಲಗಿ, ಸಂತೆಯಲ್ಲಿ ಬಾಳೆಹಣ್ಣು ಕೊಂಡು ತಿನ್ನಿ. ಆದರೆ ಒಂದು ವಿಷಯದಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ. ಅದು ಮಲೇರಿಯಾ.

ನಮಗೇನು ಹೊಸದೇ?

‘ಮಲೇರಿಯಾ ನಮಗೇನು ಹೊಸದೇ ಡಾಕ್ಟ್ರೇ?’ ಎಂದು ನೀವು ಕೇಳಬಹುದು. ನಿಜ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣುವನ್ನು ರೊನಾಲ್ಡ್ ರಾಸ್ ಪತ್ತೆ ಹಚ್ಚಿದ್ದೇ ನಮ್ಮ ಸಿಕಂದರಾಬಾದಿನಲ್ಲಿ, 1897ರಲ್ಲಿ. ಆದರೆ ಉಗಾಂಡಾ ಮುಂತಾದ ಕಡೆ ಹೆಚ್ಚಾಗಿ ಕಾಣುವುದು ಫಾಲ್ಸಿಪಾರಂ ಎಂಬ ಅತಿ ಅಪಾಯಕಾರಿ ಬಗೆ. ಚಿಕಿತ್ಸೆ ತಡವಾದರೆ ಒಂದೆರಡು ದಿನಗಳಲ್ಲೇ ಮೆದುಳು, ಮೂತ್ರಪಿಂಡಗಳಿಗೆ ಪೆಟ್ಟು ಬೀಳಬಹುದು, ಪ್ರಾಣವೂ ಹೋಗಬಹುದು. ಅಲ್ಲಿಯ ವಯಸ್ಕರಿಗೆ ಬಾಲ್ಯದಿಂದ ಮತ್ತೆ ಮತ್ತೆ ರೋಗ ತಗುಲಿ ಅಲ್ಪಸ್ವಲ್ಪ ನಿರೋಧಶಕ್ತಿ ಬಂದಿರುತ್ತದೆ. ಭಾರತದಿಂದ ಹೋದ ನಿಮಗೆ ಆ ರಕ್ಷಣೆ ಇಲ್ಲ. ಹಳೆಯ ಕ್ಲೋರೋಕ್ವಿನ್ ಮಾತ್ರೆಯನ್ನು ಅಲ್ಲಿ ನಂಬುವಂತಿಲ್ಲ.

ಯಾವ ಮಾತ್ರೆ, ಎಷ್ಟು ದಿನ?

ಹೊರಡುವ ನಾಲ್ಕಾರು ವಾರ ಮೊದಲೇ ವೈದ್ಯರನ್ನು ಕಾಣಿ. ಮುಖ್ಯವಾಗಿ ಮೂರು ಔಷಧಿಗಳಿವೆ. ಡಾಕ್ಸಿಸೈಕ್ಲಿನ್ ದಿನಕ್ಕೊಂದು, ಅಲ್ಲಿಗೆ ಹೋಗುವ ಒಂದೆರಡು ದಿನ ಮೊದಲು ಶುರುಮಾಡಿ, ಬಂದ ಮೇಲೂ 4 ವಾರ ನುಂಗಬೇಕು. ಊಟವಾದ ಮೇಲೆ ತುಂಬಾ ನೀರಿನೊಂದಿಗೆ ತೆಗೆದುಕೊಳ್ಳಿ, ನುಂಗಿದ ಕೂಡಲೇ ಮಲಗಬೇಡಿ. ಬಿಸಿಲಿಗೆ ಚರ್ಮ ಉರಿಯಬಹುದು. ಮೆಫ್ಲೋಕ್ವಿನ್ ವಾರಕ್ಕೊಂದು, 2-3 ವಾರ ಮೊದಲೇ ಆರಂಭಿಸಿ, ಬಂದ ಮೇಲೆ 4 ವಾರ. ಮೂರ್ಛೆರೋಗ, ಮಾನಸಿಕ ಕಾಯಿಲೆ ಇದ್ದವರಿಗೆ ಇದು ಬೇಡ. ಅಟೊವಾಕ್ವೋನ್-ಪ್ರೊಗ್ವಾನಿಲ್ ದಿನಕ್ಕೊಂದು, ಬಂದ ಮೇಲೆ 7 ದಿನ ಸಾಕು, ಆದರೆ ಬೆಲೆ ಹೆಚ್ಚು. ಯಾವುದು ನಿಮಗೆ ಸರಿ ಎಂಬುದನ್ನು ವೈದ್ಯರೇ ಹೇಳಲಿ. ಪತ್ನಿ ಗರ್ಭಿಣಿಯಾಗಿದ್ದರೆ ಪ್ರವಾಸ ಮುಂದೂಡುವುದೇ ಲೇಸು.

ಯಾವ ಮಾತ್ರೆಯೂ ನೂರಕ್ಕೆ ನೂರು ಕಾಪಾಡದು. ಮಲೇರಿಯಾ ಸೊಳ್ಳೆ ಕಚ್ಚುವುದು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ. ಅಗ್ಗದ ಲಾಡ್ಜಿನ ಸೊಳ್ಳೆ ಪರದೆಯಲ್ಲಿ ತೂತುಗಳಿರುವುದು ಸಾಮಾನ್ಯ. ಕೀಟನಾಶಕ ಸವರಿದ ನಿಮ್ಮದೇ ಪರದೆ ಒಯ್ಯಿರಿ. ಸಂಜೆಯಾದೊಡನೆ ತುಂಬುತೋಳಿನ ಅಂಗಿ ತೊಟ್ಟು, ಬರಿಮೈಗೆ ಸೊಳ್ಳೆ ನಿವಾರಕ ಹಚ್ಚಿ.

ಇನ್ನಿತರ ಎಚ್ಚರಗಳು

ಹಳದಿ ಜ್ವರದ ಲಸಿಕೆಯನ್ನು ಸರ್ಕಾರ ಗುರುತಿಸಿದ ಕೇಂದ್ರದಲ್ಲಿ, ಹೊರಡಲು ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಳ್ಳಿ. 2016ರಿಂದ ಇದರ ಪ್ರಮಾಣಪತ್ರ ಜೀವನಪರ್ಯಂತ ಊರ್ಜಿತ. ಪತ್ರವಿಲ್ಲದೆ ಆ ದೇಶಗಳಿಂದ ಹಿಂದಿರುಗಿದರೆ ನಮ್ಮ ವಿಮಾನ ನಿಲ್ದಾಣದಿಂದಲೇ 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು.

ವಿಕ್ಟೋರಿಯಾ ಸರೋವರ ಕಂಡಾಗ ಈಜುವ ಆಸೆಯಾಗುತ್ತದೆ. ಆದರೆ ದಡದ ನೀರಿನ ಬಸವನಹುಳುಗಳಿಂದ ಹೊರಬರುವ ಬಿಲ್ಹಾರ್ಜಿಯಾ ರೋಗದ ಮರಿಹುಳುಗಳು ಚರ್ಮವನ್ನೇ ತೂರಿ ದೇಹ ಸೇರುತ್ತವೆ. ನೀರಿಗಿಳಿಯದಿರುವುದೇ ಜಾಣತನ. ಕುದಿಸಿ ಆರಿಸಿದ ನೀರನ್ನೇ ಕುಡಿಯಿರಿ. ಭೇದಿಯಾದರೆ ಒಂದು ಲೀಟರ್ ಶುದ್ಧ ನೀರಿಗೆ 6 ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಆಗಾಗ ಕುಡಿಯಿರಿ. ಲಾಡ್ಜಿನ ಬಾಡಿಗೆ ಉಳಿಸಲು ರಾತ್ರಿ ಬಸ್ಸು ಹತ್ತಬೇಡಿ. ‘ಬೋಡಾ ಬೋಡಾ’ ಎಂಬ ಬಾಡಿಗೆ ಬೈಕಿನಲ್ಲಿ ಹೆಲ್ಮೆಟ್ ಇಲ್ಲದೆ ಕೂರಬೇಡಿ.

ಇಬ್ಬರಿದ್ದರೆ ಬಲ

ದಂಪತಿಯಾಗಿ ಹೋಗುವುದರಲ್ಲಿ ಒಂದು ಲಾಭವುಂಟು. ‘ರೀ, ಮಾತ್ರೆ ತಗೊಂಡ್ರಾ?’ ಎಂದು ಕೇಳುವವರಿರುತ್ತಾರೆ. ಒಬ್ಬರ ಚೀಲ ಕಳೆದರೂ ತೊಂದರೆಯಾಗದಂತೆ ಮಾತ್ರೆಗಳನ್ನು ಇಬ್ಬರೂ ಹಂಚಿ ಇಟ್ಟುಕೊಳ್ಳಿ. ಜ್ವರ ಬಂದವರು ಮಂಕಾದರೆ, ಅಸಂಬದ್ಧ ಮಾತಾಡಿದರೆ ಅದು ಅವರಿಗೇ ತಿಳಿಯದು. ಜೊತೆಗಿರುವವರು ಕೂಡಲೇ ಆಸ್ಪತ್ರೆಗೆ ಸೇರಿಸಬೇಕು. ಬಸ್ ಟಿಕೆಟ್ ಹಾಳಾಗುತ್ತದೆಂದು ಮುಂದಿನ ಊರಿನವರೆಗೆ ಕಾಯಬಾರದು.

ಕೊನೆಯದಾಗಿ, ಬಹಳ ಜನ ಮರೆಯುವ ಮಾತು. ಮನೆಗೆ ಬಂದಾಯಿತೆಂದು ಮಾತ್ರೆ ನಿಲ್ಲಿಸಬೇಡಿ. ಯಕೃತ್ತಿನಲ್ಲಿ ಅಡಗಿದ ರೋಗಾಣು ರಕ್ತಕ್ಕೆ ಬರಲು ಕಾಲ ಬೇಕು. ಫಾಲ್ಸಿಪಾರಂ ಜ್ವರ ಹೆಚ್ಚಾಗಿ ಮೂರು ತಿಂಗಳೊಳಗೆ ಕಾಣಿಸಿಕೊಂಡರೂ, ಒಂದು ವರ್ಷದವರೆಗೆ ಯಾವ ಜ್ವರವನ್ನೂ ಅಲಕ್ಷಿಸಬೇಡಿ. ಫ್ಲೂ ಇರಬಹುದು, ಡೆಂಗಿ ಇರಬಹುದು ಎಂದು ಮನೆಯಲ್ಲೇ ಜ್ವರದ ಮಾತ್ರೆ ನುಂಗುತ್ತಾ ಕೂರಬೇಡಿ. ಅಂದೇ ರಕ್ತ ಪರೀಕ್ಷೆ ಮಾಡಿಸಿ. ಮೊದಲ ಸಲ ಏನೂ ಕಾಣದಿದ್ದರೆ 12ರಿಂದ 24 ಗಂಟೆಗೊಮ್ಮೆ ಇನ್ನೆರಡು ಸಲ ಮಾಡಿಸಿ. ವೈದ್ಯರು ಕೇಳುವವರೆಗೂ ಕಾಯದೆ ನೀವೇ ಮೊದಲು ಹೇಳಿ: ‘ಡಾಕ್ಟ್ರೇ, ನಾವು ಆಫ್ರಿಕಾಕ್ಕೆ ಹೋಗಿ ಬಂದಿದ್ದೇವೆ.’ ಈ ಒಂದು ಮಾತು ನಿಮ್ಮ ಪ್ರಾಣ ಉಳಿಸಬಲ್ಲದು.