ಕಡಲ ತಳದ ಬೆಳಕಿನ ದಾರಿ

ಮೈಸೂರಿನಿಂದ ನಂಜನಗೂಡಿನ ಕಡೆಗೆ ಹೊರಟವರಿಗೆ ಹಾದಿಯಲ್ಲಿ ಸಿಗುವ ಮಂಡಕಳ್ಳಿಯ ಹೆಸರೆತ್ತಿದೊಡನೆ ನೆನಪಾಗುವುದು ವಿಮಾನ ನಿಲ್ದಾಣ. ಅಲ್ಲಿಯವರ ದೃಷ್ಟಿ ಆಕಾಶದತ್ತ ಹೊರಳುವುದು ಸಹಜವೇ. ಅಮೆರಿಕದಲ್ಲಿರುವ ಮಗಳ ಮುಖ ನೋಡುತ್ತ ಮಾತನಾಡುವ ಅಲ್ಲಿನ ತಾಯಿಯೊಬ್ಬಳನ್ನು “ಈ ಮಾತು ಯಾವ ದಾರಿಯಾಗಿ ಬರುತ್ತದಮ್ಮ?” ಎಂದು ಕೇಳಿದರೆ, ಆಕೆ ಕೈಯನ್ನು ಮೇಲಕ್ಕೆ ತೋರಿ “ಉಪಗ್ರಹದಿಂದ” ಎಂದಾಳು. ಬಹುಮಂದಿ ವಿದ್ಯಾವಂತರ ನಂಬಿಕೆಯೂ ಅದೇ. ಆದರೆ ಖಂಡದಿಂದ ಖಂಡಕ್ಕೆ ಹೋಗುವ ವರ್ತಮಾನದಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಮಿಗಿಲಾದ ಪಾಲು ಸಂಚರಿಸುವುದು ಸಮುದ್ರದ ತಳದಲ್ಲಿ, ಕೂದಲೆಳೆಯಷ್ಟು ಸಣ್ಣನೆಯ ಗಾಜಿನ ತಂತುವಿನೊಳಗೆ!

ಗಾಜೆಂದರೆ ಒಡೆಯುವ ವಸ್ತುವೆಂದು ಮನೆಯಲ್ಲಿ ಮಕ್ಕಳನ್ನು ಗದರಿಸುವವರು ನಾವು. ಅದೇ ಗಾಜನ್ನು ಪರಿಶುದ್ಧಗೊಳಿಸಿದರೆ ಬೆಳಕಿನ ಮೂಲಕ ಸುದ್ದಿಯನ್ನು ಬಹುದೂರ ಕಳುಹಿಸಬಹುದೆಂದು 1966ರಲ್ಲಿ ಚಾರ್ಲ್ಸ್ ಕಾವ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. 2009ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಒಳಗಿನ ಗಾಜಿಗೂ ಅದನ್ನು ಸುತ್ತಿದ ಹೊರಗಿನ ಗಾಜಿಗೂ ಗುಣದಲ್ಲಿ ತುಸು ವ್ಯತ್ಯಾಸವಿರುತ್ತದೆ. ಆದ್ದರಿಂದ ಬೆಳಕು ಹೊರಕ್ಕೆ ಸೋರದೆ, ಒಳಗೊಳಗೇ ಪ್ರತಿಫಲಿಸುತ್ತ ಮುಂದುವರಿಯುತ್ತದೆ. ಮಾತು, ಚಿತ್ರ, ಲೆಕ್ಕಪತ್ರ, ಎಲ್ಲವೂ ಕಣ್ಣಿಗೆ ಕಾಣದ ಆ ಬೆಳಕಿನ ಮಿನುಗುಗಳೇ. ಹತ್ತು ಸಾವಿರ ಕಿಲೋಮೀಟರ್ ಕ್ರಮಿಸಲು ಅದಕ್ಕೆ ಬೇಕಾಗುವ ಕಾಲ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ ಮಾತ್ರ. 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಕ್ಕೆ ಹೋಗಿಬರುವುದಕ್ಕಿಂತ ಇದು ಎಷ್ಟೋ ಶೀಘ್ರ.

ದಾರಿ ದೂರವಾದಂತೆ ಬೆಳಕು ಕ್ಷೀಣಿಸುವುದರಿಂದ, ಸುಮಾರು ಅರುವತ್ತರಿಂದ ನೂರು ಕಿಲೋಮೀಟರಿಗೊಂದರಂತೆ ಅದಕ್ಕೆ ಬಲ ತುಂಬುವ ಯಂತ್ರಗಳನ್ನು ಕೇಬಲಿನಲ್ಲಿಯೇ ಸೇರಿಸಿರುತ್ತಾರೆ. ಅವಕ್ಕೆ ಬೇಕಾದ ವಿದ್ಯುಚ್ಛಕ್ತಿಯೂ ಕೇಬಲಿನೊಳಗಿನ ತಾಮ್ರದ ಮೂಲಕ ದಡದಿಂದಲೇ ಹೋಗುತ್ತದೆ. ಆಳ ಸಮುದ್ರದಲ್ಲಿ ಈ ಕೇಬಲ್ ನಾವು ಹೂಗಿಡಗಳಿಗೆ ನೀರುಣಿಸುವ ಕೊಳವೆಗಿಂತ ದಪ್ಪವೇನಲ್ಲ. ದಡದ ಸಮೀಪದಲ್ಲಿ ಮಾತ್ರ ಉಕ್ಕಿನ ತಂತಿಗಳ ಕವಚ ತೊಡಿಸುತ್ತಾರೆ. ಶತ್ರುಗಳಿರುವುದು ಅಲ್ಲಿಯೇ ನೋಡಿ. ಮೀನುಗಾರರ ಬಲೆ, ಹಡಗುಗಳ ಲಂಗರು.

2024ರ ಫೆಬ್ರವರಿಯಲ್ಲಿ ಕೆಂಪು ಸಮುದ್ರದ ಬಳಿ ಕ್ಷಿಪಣಿಯ ಪೆಟ್ಟು ತಿಂದ ‘ರೂಬಿಮಾರ್’ ಹಡಗನ್ನು ನಾವಿಕರು ಲಂಗರು ಇಳಿಸಿ ತೊರೆದುಹೋದರು. ಅನಾಥವಾದ ಹಡಗು ಅಲೆಗಳಲ್ಲಿ ತೇಲುತ್ತ, ಲಂಗರನ್ನು ಎಳೆದುಕೊಂಡೇ ಸಾಗಿ ಮೂರು ಕೇಬಲ್‌ಗಳನ್ನು ತುಂಡರಿಸಿತೆಂಬುದು ತಜ್ಞರ ಅಭಿಪ್ರಾಯ. ಇಂತಹ ಸಂದರ್ಭದಲ್ಲಿ ದಡದಿಂದ ಬೆಳಕು ಬಿಟ್ಟು, ಅದು ಮರಳಿ ಬರಲು ಹಿಡಿದ ಹೊತ್ತನ್ನು ಅಳೆದು, ತುಂಡಾದ ಸ್ಥಳವನ್ನು ಗೊತ್ತುಮಾಡುತ್ತಾರೆ. ಬಳಿಕ ದುರಸ್ತಿಯ ಹಡಗು ಅಲ್ಲಿಗೆ ಹೋಗಿ, ಕೊಕ್ಕೆಯಿಂದ ತುದಿಗಳನ್ನು ಮೇಲೆತ್ತಿ, ಎಳೆಗೆ ಎಳೆಯನ್ನು ಕರಗಿಸಿ ಬೆಸೆಯಬೇಕು. ಬಾವಿಗೆ ಬಿದ್ದ ಕೊಡವನ್ನು ಪಾತಾಳಗರಡಿಯಿಂದ ಎತ್ತಿದವರಿಗೆ ಈ ಕೆಲಸದ ಕಷ್ಟ ಕೊಂಚ ಅರ್ಥವಾದೀತು!

ಮಂಡಕಳ್ಳಿಯ ಮಾತು ನೆಲದೊಳಗಿನ ತಂತುಗಳಲ್ಲಿ ಹಾದು, ಚೆನ್ನೈ ಅಥವಾ ಮುಂಬಯಿಯಂತಹ ಪಟ್ಟಣದಲ್ಲಿ ಸಮುದ್ರಕ್ಕೆ ಇಳಿಯಬೇಕು. 2022ರ ಕೊನೆಯಲ್ಲಿ ಭಾರತಕ್ಕಿದ್ದ ಹದಿನೇಳು ಅಂತರರಾಷ್ಟ್ರೀಯ ಕೇಬಲ್‌ಗಳು ಮುಂಬಯಿ, ಚೆನ್ನೈ, ಕೊಚ್ಚಿ, ತೂತ್ತುಕುಡಿ, ತಿರುವನಂತಪುರ, ಈ ಐದು ಊರುಗಳಲ್ಲಿ ದಡ ಮುಟ್ಟುತ್ತಿದ್ದವು. ಮುನ್ನೂರು ಕಿಲೋಮೀಟರಿಗೂ ಮೀರಿದ ನಮ್ಮ ಕರಾವಳಿಯ ಒಂದು ಊರೂ ಆ ಪಟ್ಟಿಯಲ್ಲಿರಲಿಲ್ಲ. ಇದು ಖೇದದ ಸಂಗತಿಯೆಂದೇ ನಮ್ಮ ಎಣಿಕೆ.

ಲಕ್ಷದ್ವೀಪದ ಸಂಗತಿಯನ್ನೇ ನೋಡಿ. ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ದ್ವೀಪದವರು ತೆಂಗಿನ ನಾರನ್ನು ಮಂಗಳೂರಿಗೆ ತಂದು, ಅಕ್ಕಿಯನ್ನು ಹಾಯಿಹಡಗಿನಲ್ಲಿ ಕೊಂಡೊಯ್ಯುತ್ತಿದ್ದರು. ಮಳೆಗಾಲದಲ್ಲಿ ಆ ಸಂಬಂಧವೂ ಕಡಿದುಹೋಗುತ್ತಿತ್ತು. ತೀರ ಈಚಿನವರೆಗೂ ಹೊರಜಗತ್ತಿನ ಮಾತುಕತೆಗೆ ಅವರು ಉಪಗ್ರಹವನ್ನೇ ನಂಬಿರಬೇಕಾಗಿತ್ತು. ರೋಗಿಯ ಎಕ್ಸ್-ರೇ ಚಿತ್ರವನ್ನು ದಡದ ವೈದ್ಯರಿಗೆ ತೋರಿಸುವುದೂ ಇಕ್ಕಟ್ಟಾದ ಆ ದಾರಿಯಲ್ಲಿಯೇ. 2024ರ ಜನವರಿ 3ರಂದು ಕೊಚ್ಚಿಯಿಂದ ಹೊರಟ 1,868 ಕಿಲೋಮೀಟರ್ ಉದ್ದದ ಸಮುದ್ರ ಕೇಬಲ್‌ನ ಉದ್ಘಾಟನೆ ಕವರತ್ತಿಯಲ್ಲಿ ನಡೆಯಿತು. ಕವರತ್ತಿಯೂ ಸೇರಿ ಹನ್ನೊಂದು ದ್ವೀಪಗಳನ್ನು ಅದು ಮುಟ್ಟಿದೆ. 2011ರ ಜನಗಣತಿಯಲ್ಲಿ ಕೇವಲ 271 ಮಂದಿಯಿದ್ದ ಬಿತ್ರವನ್ನೂ ಬಿಟ್ಟಿಲ್ಲ.